ವೆಂಕಟಮಖಿ

ವೆಂಕಟಮಖಿ 17ನೆಯ ಶತಮಾನದ ಸಂಗೀತಶಾಸ್ತ್ರಜ್ಞ ಹಾಗೂ ಮೀಮಾಂಸಾ ಪಂಡಿತ. ಕರ್ನಾಟಕ ಸಂಗೀತದ 72 ಮೇಳಗಳ ಪದ್ಧತಿಯನ್ನು ರೂಪಿಸಿದವನು ಈತನೇ. ನಿಜನಾಮ ವೆಂಕಟೇಶ್ವರ ದೀಕ್ಷಿತ. ಯಜ್ಞ ಮಾಡಿದವನೆಂಬ ಅರ್ಥದಲ್ಲಿ ‘ಮಖಿ’ ಎಂಬುದು ಸೇರಿತು.

ಕುಟುಂಬ ಮತ್ತು ವಿದ್ಯಾಭ್ಯಾಸ

ಇಂದಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಮೈಸೂರಿನ ಒಡೆಯರು ಆಳುತ್ತಿದ್ದ ಕಾಲದಲ್ಲಿ, ಅದೇ ಕಾವೇರಿ ಹರಿದು ಸೇರುವ ತಂಜಾವೂರು ಸೀಮೆ ನಾಯಕ ಅರಸರ ಕೈಯಲ್ಲಿತ್ತು. ಅಲ್ಲಿ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತ ಕನ್ನಡ ಮಾತಿನ ಹೊಯ್ಸಳ ಕರ್ನಾಟಕ ಬ್ರಾಹ್ಮಣ ಮನೆತನದವನು. ಅವನ ಮಗನೇ ವೆಂಕಟಮಖಿ; ತಾಯಿ ನಾಗಮಾಂಬೆ. ಅಣ್ಣ ಯಜ್ಞನಾರಾಯಣ ದೀಕ್ಷಿತನಲ್ಲಿ ಶಾಸ್ತ್ರಗಳನ್ನೂ ತಾನಪ್ಪಾಚಾರ್ಯನಲ್ಲಿ ಸಂಗೀತವನ್ನೂ ಕಲಿತನು. ಪ್ರಸಿದ್ಧ ಸಂಸ್ಕೃತ ಕವಿ ನೀಲಕಂಠ ದೀಕ್ಷಿತ ಈತನ ಶಿಷ್ಯ.

ರಘುನಾಥ ನಾಯಕನ ಹೆಸರಿನಲ್ಲಿ ಪ್ರಚಾರದಲ್ಲಿರುವ ‘ಸಂಗೀತಸುಧಾ’ ಗ್ರಂಥವನ್ನು ರಚಿಸಿದವನು ತನ್ನ ತಂದೆಯೆಂದು ವೆಂಕಟಮಖಿ ಹೇಳಿದ್ದಾನೆ. ಇಂದಿನ 24 ಮೆಟ್ಟಿಲುಗಳ ಸರಸ್ವತೀ ವೀಣೆ ರೂಪುಗೊಂಡದ್ದು ಆ ಅರಸನ ಆಸ್ಥಾನದಲ್ಲೇ ಎಂದು ಪ್ರತೀತಿ. ರಾಗಕ್ಕೊಮ್ಮೆ ಮೆಟ್ಟಿಲನ್ನು ಸರಿಸುವ ಕಷ್ಟ ತಪ್ಪಿ ಎಲ್ಲ ರಾಗಗಳೂ ಒಂದೇ ವೀಣೆಯಲ್ಲಿ ನುಡಿಯುವಂತಾದದ್ದು ಸಾಮಾನ್ಯ ಸಂಗತಿಯಲ್ಲ. ಮೇಳಗಳ ಲೆಕ್ಕಾಚಾರಕ್ಕೆ ಬೇಕಾದ ಸ್ಥಿರವಾದ ಹನ್ನೆರಡು ಸ್ವರಸ್ಥಾನಗಳು ಹೀಗೆ ಕಣ್ಣೆದುರಿಗೇ ಇದ್ದವು.

ಚತುರ್ದಂಡಿ ಪ್ರಕಾಶಿಕಾ

ವಿಜಯರಾಘವ ನಾಯಕನ ಅಪೇಕ್ಷೆಯಂತೆ ಈತ ಈ ಸಂಸ್ಕೃತ ಗ್ರಂಥವನ್ನು ಬರೆದನು. ಆಲಾಪ, ಠಾಯ, ಗೀತ, ಪ್ರಬಂಧ ಎಂಬ ನಾಲ್ಕೇ ಚತುರ್ದಂಡಿ. ಗ್ರಂಥದ ಮೊದಲ ಪ್ರಕರಣ ವೀಣೆಯನ್ನೇ ಕುರಿತದ್ದು. ಕೀರ್ತಿಗೆ ಕಾರಣವಾದದ್ದು ಮೇಳ ಪ್ರಕರಣ.

ಷಡ್ಜ, ಪಂಚಮಗಳು ಬದಲಾಗುವುದಿಲ್ಲ. ಷಡ್ಜ ಮತ್ತು ಮಧ್ಯಮದ ನಡುವಣ ನಾಲ್ಕು ಸ್ಥಾನಗಳಿಂದ ಎರಡನ್ನು ರಿಷಭ, ಗಾಂಧಾರಗಳಾಗಿ ಆರಿಸಿದರೆ 6 ಜೋಡಿಗಳಾಗುತ್ತವೆ. ಪಂಚಮದ ಮೇಲೆ ಧೈವತ, ನಿಷಾದಗಳಿಗೂ 6 ಜೋಡಿ. ಇವನ್ನು ಕೂಡಿಸಿದಾಗ ಶುದ್ಧ ಮಧ್ಯಮದೊಡನೆ 36, ವರಾಳಿ ಮಧ್ಯಮದೊಡನೆ (ಇಂದಿನ ಪ್ರತಿಮಧ್ಯಮ) 36, ಒಟ್ಟು 72. ಇದಕ್ಕಿಂತ ಒಂದು ಹೆಚ್ಚಾಗಲಿ ಕಡಿಮೆಯಾಗಲಿ ಮಾಡಲು ಶಿವನಿಗೂ ಆಗದೆಂಬುದು ಈತನ ದಿಟ್ಟ ಮಾತು. ಹಿಂದಿನ ಶಾಸ್ತ್ರಕಾರ ರಾಮಾಮಾತ್ಯನ 20 ಮೇಳಗಳನ್ನು ಕಟುವಾಗಿಯೇ ಖಂಡಿಸಿದನು.

ಆದರೆ ಆಗ ಬಳಕೆಯಲ್ಲಿದ್ದ ಮೇಳಗಳು 19 ಮಾತ್ರ. ಅವುಗಳಲ್ಲಿ ಸಿಂಹರವ ಈತನದೇ ಸೃಷ್ಟಿ. ಉಳಿದ 53 ಮೇಳಗಳಿಗೆ ರಾಗವೇ ಇರಲಿಲ್ಲ. ಹಾಡದ ರಾಗಕ್ಕೆ ಮೇಳವೇಕೆ ಎಂಬ ಆಕ್ಷೇಪವನ್ನು ತಾನೇ ಎತ್ತಿ, ನಾಡು ಹಲವು, ಜನರ ಅಭಿರುಚಿಗಳು ಹಲವು, ಮುಂದೆ ಹುಟ್ಟುವ ರಾಗಗಳಿಗೂ ಎಡೆ ಬೇಕೆಂದು ಉತ್ತರಿಸಿದನು. ಇಷ್ಟು ದೂರ ನೋಡಿದವನೇ ಕಲ್ಯಾಣಿಯನ್ನು ತುರುಷ್ಕರಿಗೆ ಪ್ರಿಯವಾದ, ಗೀತ ಪ್ರಬಂಧಗಳಿಗೆ ಒಗ್ಗದ ರಾಗವೆಂದು ಬದಿಗಿಟ್ಟದ್ದು ವಿಚಿತ್ರ. ಕಲ್ಯಾಣಿ ಮುಂದೆ ಕಛೇರಿಗಳ ಮುಖ್ಯ ರಾಗಗಳಲ್ಲೊಂದಾಯಿತು.

ಅನಂತರ

ಮೇಳಗಳಿಗೆ ಈತ ಹೆಸರಿಟ್ಟನೆಂಬುದು ತಪ್ಪು ಕಲ್ಪನೆ. ‘ಕನಕಾಂಬರಿ’ಯಿಂದ ತೊಡಗುವ ಪಟ್ಟಿ ಅನಂತರದ್ದು, ಮುತ್ತುಸ್ವಾಮಿ ದೀಕ್ಷಿತರು ಅನುಸರಿಸಿದ್ದು ಅದನ್ನು. ಇಂದು ಪಾಠದಲ್ಲಿರುವ ‘ಕನಕಾಂಗಿ’ಯ ಪಟ್ಟಿ ಬೇರೆ ಪರಂಪರೆಯದು. ಖಾಲಿಯಿದ್ದ ಮೇಳಗಳು ಕ್ರಮೇಣ ತುಂಬಿದವು. 20ನೆಯ ಶತಮಾನದಲ್ಲಿ ಕೋಟೀಶ್ವರ ಅಯ್ಯರ್ 72 ಮೇಳರಾಗಗಳಲ್ಲೂ ಕೃತಿ ರಚಿಸಿದರು.

ಗ್ರಂಥದ ಹಸ್ತಪ್ರತಿ ಎಟ್ಟಯಾಪುರದ ಸುಬ್ಬರಾಮ ದೀಕ್ಷಿತರ ಬಳಿಯಿತ್ತು. ಅವರಿಂದ ಪ್ರತಿ ಪಡೆದ ಭಾತಖಂಡೆಯವರು ಹಿಂದೂಸ್ತಾನಿ ಥಾಟ್‌ಗಳನ್ನು ರೂಪಿಸುವಾಗ ಈ ಪದ್ಧತಿಯನ್ನು ಗಮನಿಸಿದ್ದರು. ಮದ್ರಾಸಿನ ಸಂಗೀತ ಅಕಾಡೆಮಿ ಇದನ್ನು 1934ರಲ್ಲಿ ಪ್ರಕಟಿಸಿತು. ಮುಂದೆ ಮೈಸೂರಿನ ವಿದ್ವಾಂಸ ರಾ. ಸತ್ಯನಾರಾಯಣ ಸಂಪಾದಿಸಿದರು. ಹತ್ತು ಪ್ರಕರಣಗಳಲ್ಲಿ ಪ್ರಬಂಧದ ಭಾಗ ಅಪೂರ್ಣ. ಕೊನೆಯ ತಾಳ ಪ್ರಕರಣ ದೊರೆತಿಲ್ಲ.