ಜ್ಯೋತಿರ್ಗಣಿತಜ್ಞ ವೆಂಕಟೇಶ ಬಾಪೂಜಿ ಕೇತಕರರು

ಪ್ರತಿವರ್ಷ ಯುಗಾದಿಯ ದಿನ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೊದಲಾದ ನಮ್ಮ ಊರುಗಳ ಗುಡಿಗಳಲ್ಲಿ ಪಂಚಾಂಗಶ್ರವಣವಾಗುವದು. ತಿಥಿ, ವಾರ, ನಕ್ಷತ್ರಗಳನ್ನು ಭಕ್ತಿಯಿಂದ ಕೇಳುವ ನಾವು, ಆ ಅಂಕಿಗಳನ್ನು ಗಣಿಸಿದವರು ಯಾರು, ಅವು ಆಕಾಶದಲ್ಲಿಯ ಸೂರ್ಯಚಂದ್ರರ ನಿಜವಾದ ನಡೆಗೆ ಸರಿಹೊಂದುವವೋ ಇಲ್ಲವೋ ಎಂದು ವಿಚಾರಿಸುವದು ಅಪರೂಪ. ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಆಯುಷ್ಯವನ್ನು ಸವೆಯಿಸಿದ ಶಾಲಾಶಿಕ್ಷಕರೊಬ್ಬರು ನಮ್ಮ ಉತ್ತರ ಕರ್ನಾಟಕದಲ್ಲಿಯೇ ಬಾಳಿ ಹೋದರು. ಅವರೇ ವೆಂಕಟೇಶ ಬಾಪೂಜಿ ಕೇತಕರರು. ಮನುಷ್ಯರಿಲ್ಲದ ಯಂತ್ರನೌಕೆಗಳು ದೂರದ ಗ್ರಹಗಳ ಬಳಿಗೆ ಸಾಗಿ ಚಿತ್ರಗಳನ್ನು ಕಳಿಸುತ್ತಿರುವ ಈ ಕಾಲದಲ್ಲಿ, ಆ ವರ್ತಮಾನವನ್ನು ಬೆರಗಿನಿಂದ ಓದುವ ನಮ್ಮ ತರುಣರು ಈ ಹಿರಿಯರ ಚರಿತ್ರೆಯನ್ನು ತಿಳಿದುಕೊಳ್ಳುವದು ಅವಶ್ಯವೆಂದು ನಮಗೆ ತೋರುವದು.

ಕೇತಕರರು ೧೮೫೪ರಲ್ಲಿ ನರಗುಂದದಲ್ಲಿ ಜನಿಸಿದರು. ಮುಂದೆ ನಾಲ್ಕು ವರ್ಷಗಳಲ್ಲಿಯೇ, ೧೮೫೮ರಲ್ಲಿ, ಬಾಬಾಸಾಹೇಬರ ಬಂಡಾಯವು ಅಡಗಿಸಲ್ಪಟ್ಟು ಆ ಸಂಸ್ಥಾನವು ಇಂಗ್ಲಿಷರ ಪಾಲಾಯಿತು. ಅನಂತರ ಬಹುಕಾಲ ನರಗುಂದವೂ ನಮ್ಮ ಹಾವೇರಿ ಸೀಮೆಯೂ ಒಂದೇ ಧಾರವಾಡ ಜಿಲ್ಹೆಗೆ ಸೇರಿದ್ದವು. ೧೯೯೭ರಲ್ಲಿ ಗದಗ ಮತ್ತು ಹಾವೇರಿ ಬೇರೆ ಬೇರೆ ಜಿಲ್ಹೆಗಳಾದವು. ಕೇತಕರರ ಮನೆಮಾತು ಮರಾಠಿ. ಆದರೆ ಅವರು ಹುಟ್ಟಿದ ನೆಲವೂ ದುಡಿದ ನೆಲವೂ ಕನ್ನಡದವು. ಅಂಥವರನ್ನು ನಮ್ಮವರೆಂದು ಎಣಿಸದಷ್ಟು ಸಂಕುಚಿತಬುದ್ಧಿ ಕನ್ನಡಿಗರಿಗೆ ಎಂದೂ ಬಾರದಿರಲಿ.

ಅವರು ಶಿಕ್ಷಕವೃತ್ತಿಯನ್ನು ಹಿಡಿದು ಬಾಗಲಕೋಟೆಯ ಇಂಗ್ಲಿಷ ಶಾಲೆಯಲ್ಲಿ ಪಾಠ ಹೇಳಿದರು. ಖಗೋಲಶಾಸ್ತ್ರವು ಅವರಿಗೆ ಹೊಟ್ಟೆಯ ಪಾಡಾಗಿರಲಿಲ್ಲ. ಅದು ಅವರ ಮನಸ್ಸಿನ ಹಂಬಲವಾಗಿತ್ತು. ದೊಡ್ಡ ವೇಧಶಾಲೆಯ ಆಶ್ರಯವಿಲ್ಲದೆ, ಲೇಖಣಿ, ಕಾಗದ ಮತ್ತು ಅಂಚೆಯಿಂದ ಬರುವ ಪುಸ್ತಕಗಳ ಬಲದಿಂದ ಅವರು ಮಾಡಿದ ಕೆಲಸವನ್ನು ನೋಡಿದರೆ, ಸಾಧನಗಳ ಕೊರತೆಯನ್ನು ನೆಪಮಾಡಿ ಸುಮ್ಮನೆ ಕೂಡ್ರುವವರು ನಾಚಿಕೊಳ್ಳಬೇಕಾಗುವದು.

ಆ ಕೆಲಸದ ಮಹತ್ವವನ್ನು ತಿಳಿಯಲು ಅಂದಿನ ಪಂಚಾಂಗದ ಸ್ಥಿತಿಯನ್ನು ತಿಳಿಯಬೇಕು. ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಪಂಚಾಂಗಕರ್ತರು ಬಹುಮಟ್ಟಿಗೆ ಗಣೇಶ ದೈವಜ್ಞರ ಗ್ರಹಲಾಘವವನ್ನು ಅವಲಂಬಿಸಿದ್ದರು. ಶಕ ೧೪೪೨ರ, ಅಂದರೆ ಕ್ರಿ. ಶ. ೧೫೨೦ರ ಆ ಗ್ರಂಥವು ತನ್ನ ಕಾಲಕ್ಕೆ ಉತ್ತಮವಾದದ್ದೇ. ಹಿಂದಿನ ಗ್ರಂಥಗಳ ಗಣಿತವು ಆಕಾಶಕ್ಕೆ ತಾಳೆಯಾಗದೆ ಹೋದದ್ದರಿಂದಲೇ ಗಣೇಶ ದೈವಜ್ಞರು ಅದನ್ನು ರಚಿಸಿದ್ದರು. ಆದರೆ ಗಣಿತದಲ್ಲಿ ಉಳಿದ ಕೂದಲೆಳೆಯಷ್ಟು ತಪ್ಪು ವರ್ಷವರ್ಷಕ್ಕೆ ಕೂಡುತ್ತ ಹೋಗಿ ಶತಮಾನಗಳಲ್ಲಿ ಎದ್ದು ಕಾಣುವದು. ಬರೆದ ಗ್ರಹವು ಒಂದೆಡೆ, ಕಾಣುವ ಗ್ರಹವು ಇನ್ನೊಂದೆಡೆ ಎಂಬ ಸ್ಥಿತಿಯೊದಗಿತು.

ಕೇತಕರರು ಪಾಶ್ಚಾತ್ಯ ವೇಧಶಾಲೆಗಳ ಸೂಕ್ಷ್ಮಮಾನಗಳನ್ನು ನಮ್ಮ ಜ್ಯೋತಿಷಿಗಳ ಕೈಗೆಟಕುವಂತೆ ಸಂಸ್ಕೃತಕ್ಕೆ ತಂದರು. ಅವರ ಜ್ಯೋತಿರ್ಗಣಿತ, ಕೇತಕೀ ಗ್ರಹಗಣಿತ, ವೈಜಯಂತೀ ಎಂಬ ಗ್ರಂಥಗಳಿಂದ ಪಂಚಾಂಗಶೋಧನದ ಚಳವಳಿಗೆ ಗಟ್ಟಿಯಾದ ತಳಹದಿ ದೊರೆಯಿತು. ರಾಶಿಚಕ್ರದ ಆರಂಭಬಿಂದುವನ್ನು ಎಲ್ಲಿ ಇಡಬೇಕೆಂಬ ವಾದದಲ್ಲಿ ಲೋಕಮಾನ್ಯ ಟಿಳಕರು ರೇವತೀಪಕ್ಷವನ್ನು ಹಿಡಿದರೆ, ಕೇತಕರರು ಚಿತ್ರಾನಕ್ಷತ್ರದ ಎದುರು ಬಿಂದುವೇ ಆರಂಭವೆಂಬ ಚಿತ್ರಾಪಕ್ಷವನ್ನು ಹಿಡಿದರು. ರಾಷ್ಟ್ರವೇ ತಲೆಬಾಗುತ್ತಿದ್ದ ನಾಯಕರೊಡನೆ ಶಾಸ್ತ್ರವಿಷಯದಲ್ಲಿ ಭಿನ್ನಮತ ತಾಳಲು ಆ ಶಿಕ್ಷಕರು ಅಂಜಲಿಲ್ಲ. ಸ್ವಾತಂತ್ರ್ಯಾನಂತರ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ೧೯೫೨ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯು ೧೯೫೫ರಲ್ಲಿ ವರದಿಯನ್ನೊಪ್ಪಿಸಿದಾಗ, ಅದು ಕೈಕೊಂಡ ಅಯನಾಂಶವು ಚಿತ್ರಾಪಕ್ಷದ್ದೇ ಆಗಿತ್ತು.

೧೯೨೩ರಲ್ಲಿ ಪ್ರಕಟವಾದ ಅವರ ಇಂಗ್ಲಿಷ ಗ್ರಂಥವೊಂದು ಭಾರತೀಯ ಹಾಗೂ ಪರದೇಶೀಯ ಕಾಲಗಣನೆಯನ್ನು ಕುರಿತದ್ದು. ಹಾವೇರಿ ಜಿಲ್ಹೆಯ ಗುಡಿಗುಡಿಯ ಮುಂದೆ ಚಾಲುಕ್ಯರ ಕಾಲದ ಶಿಲಾಶಾಸನಗಳು ನಿಂತಿವೆ. ಶಕವರ್ಷ, ಸಂವತ್ಸರ, ತಿಥಿ, ವಾರ, ಸಂಕ್ರಮಣ, ಗ್ರಹಣಗಳನ್ನು ಹೇಳಿ ದಾನವನ್ನು ಬರೆದಿರುವ ಈ ಕಲ್ಲುಗಳ ಕಾಲವನ್ನು ನಿಶ್ಚಯಿಸುವದು ಇಂಥ ಗಣಿತವಿಲ್ಲದೆ ಸಾಧ್ಯವಿಲ್ಲ. ಆಕಾಶದ ಲೆಕ್ಕವು ನಮ್ಮ ನಾಡಿನ ಇತಿಹಾಸಕ್ಕೂ ಹೀಗೆ ಬೇಕಾಗುವದು.

ಇನ್ನು ಅವರ ಹೆಸರನ್ನು ಹೊರದೇಶಗಳಿಗೆ ಒಯ್ದ ಸಂಗತಿಗೆ ಬರುವಾ. ಅವರು ಹುಟ್ಟುವ ಎಂಟು ವರ್ಷ ಮೊದಲು, ೧೮೪೬ರಲ್ಲಿ, ಫ್ರಾನ್ಸಿನ ಲೆವೆರ್ಯೇ ಅವರು ಗಣಿತದಿಂದ ತೋರಿಸಿದ ಎಡೆಯಲ್ಲಿಯೇ ಬರ್ಲಿನ್ನಿನ ವೇಧಶಾಲೆಗೆ ನೆಪ್ಚೂನ ಗ್ರಹವು ಸಿಕ್ಕಿತ್ತು. ಅದರಾಚೆ ಮತ್ತೇನಿರಬಹುದೆಂಬ ಕುತೂಹಲವು ಕೇತಕರರನ್ನೂ ಹಿಡಿಯಿತು. ಗುರುಗ್ರಹದ ಉಪಗ್ರಹಗಳಲ್ಲಿ ಗ್ಯಾನಿಮೀಡ್ ಒಂದು ಸುತ್ತು ಹಾಕುವಷ್ಟರಲ್ಲಿ ಯುರೋಪಾ ಎರಡು, ಅಯೋ ನಾಲ್ಕು ಸುತ್ತು ಹಾಕುವವು. ಈ ಕಟ್ಟುನಿಟ್ಟಾದ ತಾಳವನ್ನು ಲಾಪ್ಲಾಸರು ವಿವರಿಸಿದ್ದರು. ಇಂಥದೇ ತಾಳವು ಯುರೇನಸ್, ನೆಪ್ಚೂನ ಮತ್ತು ಅವುಗಳಾಚೆಯ ಗ್ರಹಗಳಿಗೂ ಇರಬೇಕೆಂದು ಕೇತಕರರು ತರ್ಕಿಸಿದರು. ೧೯೧೧ರಲ್ಲಿ ಫ್ರಾನ್ಸಿನ ಖಗೋಲಸಂಘದ ಪತ್ರಿಕೆಯಲ್ಲಿ ಅವರ ಲೇಖನವು ಪ್ರಕಟವಾಯಿತು. ಅದರಲ್ಲಿ ಎರಡು ಹೊಸ ಗ್ರಹಗಳನ್ನು ಸೂಚಿಸಿ ಅವುಗಳಿಗೆ ಬ್ರಹ್ಮ, ವಿಷ್ಣು ಎಂದು ಹೆಸರಿಟ್ಟರು. ಭೂಮಿಯಿಂದ ಸೂರ್ಯನಿಗಿರುವ ದೂರವನ್ನು ಒಂದೆಂದು ಹಿಡಿದರೆ ಬ್ರಹ್ಮನ ದೂರ ೩೮.೯೫, ಸೂರ್ಯನನ್ನು ಸುತ್ತುವ ಕಾಲ ೨೪೨.೨೮ ವರ್ಷ.

೧೯೩೦ರ ಫೆಬ್ರುವರಿ ೧೮ರಂದು ಅಮೇರಿಕೆಯ ಲೊವೆಲ್ ವೇಧಶಾಲೆಯಲ್ಲಿ ಕ್ಲೈಡ್ ಟಾಂಬೋ ಎಂಬ ತರುಣನು ಪ್ಲೂಟೋವನ್ನು ಕಂಡುಹಿಡಿದನು. ಅದರ ದೂರ ೩೯.೪೮, ಸುತ್ತುವ ಕಾಲ ಸುಮಾರು ೨೪೮ ವರ್ಷ. ಅದೇ ವರ್ಷ ಕೇತಕರರು ದಿವಂಗತರಾದರು. ಅಂಕಿಗಳ ಈ ಸಾಮೀಪ್ಯವನ್ನು ಕಂಡು ಪ್ಲೂಟೋವನ್ನು ಮೊದಲು ಶೋಧಿಸಿದವರು ನಮ್ಮವರೇ ಎಂದು ಹೇಳಿಕೊಳ್ಳುವ ಅಭಿಮಾನಿಗಳು ಇಂದಿಗೂ ಉಂಟು. ಈ ಮಾತನ್ನು ನಾವು ಪರೀಕ್ಷಿಸಿ ನೋಡಬೇಕು. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯನ್ನು ಬಾಯಿತುಂಬ ಹೊಗಳಿದ ಮಾತ್ರಕ್ಕೆ ಧಾರಣೆ ನಿಲ್ಲುವದಿಲ್ಲ. ಬಣ್ಣವನ್ನು ನೋಡಿ, ತೂಗಿ, ಬೆಲೆ ಕಟ್ಟುವರು. ವಿದ್ಯೆಯ ಪೇಟೆಯ ರೀತಿಯೂ ಅದೇ.

ಹೀಗೆ ತೂಗುವ ಕೆಲಸವನ್ನು ಯಂತ್ರನೌಕೆಗಳು ಮಾಡಿವೆ. ೧೯೭೯ರಲ್ಲಿ ವಾಯೇಜರ್ ೧ ನೌಕೆಯು ಗುರುವಿನ ಬಳಿ ಸಾಗಿದಾಗ ಅಯೋದಲ್ಲಿ ಉರಿಯುವ ಜ್ವಾಲಾಮುಖಿಗಳು ಕಂಡವು. ಕೇತಕರರ ಮನಸ್ಸನ್ನು ಸೆಳೆದ ಆ ತಾಳವೇ ಅಯೋವನ್ನು ಹಿಂಡಿ ಹಿಂಡಿ ಕಾಯಿಸುತ್ತಿತ್ತು. ೧೯೮೯ರಲ್ಲಿ ವಾಯೇಜರ್ ೨ ನೆಪ್ಚೂನದ ಹತ್ತಿರದಿಂದ ಹಾಯ್ದು ಅದರ ತೂಕವನ್ನು ಸರಿಯಾಗಿ ಗೊತ್ತುಮಾಡಿತು. ೧೯೯೩ರಲ್ಲಿ ಆ ತೂಕವನ್ನು ಹಿಡಿದು ಮತ್ತೆ ಗಣಿಸಿದಾಗ, ಲೊವೆಲ್ಲರು ದೊಡ್ಡ ಗ್ರಹವೊಂದನ್ನು ಹುಡುಕಲು ಕಾರಣವಾಗಿದ್ದ ಯುರೇನಸ್ಸಿನ ಗತಿಭೇದವೇ ಅಳಿಸಿಹೋಯಿತು. ೨೦೦೬ರ ಜನೆವರಿ ೧೯ರಂದು ಹೊರಟ ನ್ಯೂ ಹೊರೈಜನ್ಸ್ ಎಂಬ ನೌಕೆಯು ಒಂಬತ್ತೂವರೆ ವರ್ಷ ಸಾಗಿ, ೨೦೧೫ರ ಜುಲೈ ೧೪ರಂದು ಪ್ಲೂಟೋದಿಂದ ಸುಮಾರು ೧೨,೫೦೦ ಕಿಲೋಮೀಟರು ದೂರದಲ್ಲಿ ಹಾಯ್ದುಹೋಯಿತು. ಅದರೊಳಗೆ ಟಾಂಬೋ ಅವರ ಚಿತಾಭಸ್ಮದ ಚಿಟಿಕೆಯೂ ಇತ್ತು. ಅಲ್ಲಿಂದ ಹೊರಟ ಸಂದೇಶವು ಬೆಳಕಿನ ವೇಗದಿಂದ ಬಂದರೂ ಭೂಮಿಯನ್ನು ಮುಟ್ಟಲು ಸುಮಾರು ನಾಲ್ಕೂವರೆ ತಾಸು ಹಿಡಿಯುತ್ತಿತ್ತು. ಪ್ಲೂಟೋದ ಅಡ್ಡಗಲವು ಸುಮಾರು ೨,೩೭೭ ಕಿಲೋಮೀಟರು, ನಮ್ಮ ಚಂದ್ರನಿಗಿಂತ ಕಿರಿದು. ೨೦೦೬ರ ಆಗಸ್ಟ ೨೪ರಂದು ಅದನ್ನು ಕುಬ್ಜಗ್ರಹಗಳ ಸಾಲಿಗೆ ಸೇರಿಸಿದ್ದೂ ಆಗಿದೆ.

ಹೀಗಿರಲು ತೀರ್ಮಾನವೇನು? ಕೇತಕರರು ದೂರವನ್ನೂ ಕಾಲವನ್ನೂ ಹೇಳಿದರೇ ಹೊರತು ಆಕಾಶದಲ್ಲಿ ದೂರದರ್ಶಕವನ್ನು ಎತ್ತ ತಿರುಗಿಸಬೇಕೆಂಬುದನ್ನು ಹೇಳಲಿಲ್ಲ. ಆ ಅಂಕಿಗಳನ್ನು ಅವರು ಪಡೆದ ಬಗೆಯೂ ಸ್ಪಷ್ಟವಾಗಿಲ್ಲ. ಅವರ ವಿಷ್ಣುಗ್ರಹವು ಯಾರಿಗೂ ದೊರೆಯಲಿಲ್ಲ. ಆದುದರಿಂದ ಪ್ಲೂಟೋದ ಶೋಧದ ಕೀರ್ತಿಯು ಟಾಂಬೋ ಅವರಿಗೇ ಸಲ್ಲತಕ್ಕದ್ದು. ಆದರೆ ನೆಪ್ಚೂನವು ಮೂರು ಸುತ್ತು ಹಾಕುವಷ್ಟರಲ್ಲಿ ಪ್ಲೂಟೋ ಎರಡು ಸುತ್ತು ಹಾಕುವದೆಂಬುದು ಇಂದು ಸಿದ್ಧವಾಗಿದೆ. ಸೌರಮಂಡಲದ ಹೊರಅಂಚಿನಲ್ಲಿ ಕಾಯಗಳು ತಾಳಬದ್ಧವಾಗಿ ಚಲಿಸಬಹುದೆಂಬ ಕೇತಕರರ ಮೂಲಕಲ್ಪನೆಯು ಬರಿಯ ಕನಸಾಗಿರಲಿಲ್ಲ. ಇದು ಸಣ್ಣ ಗೌರವವೇನೂ ಅಲ್ಲ. ಇದಕ್ಕೆ ಸುಳ್ಳಿನ ಒಗ್ಗರಣೆಯು ಬೇಕಿಲ್ಲ.

ಬರೆದದ್ದು ಆಕಾಶಕ್ಕೆ ತಾಳೆಯಾಗಬೇಕು. ಆಗದಿದ್ದರೆ ಪೂರ್ವಿಕರ ಅಂಕಿಯನ್ನಾದರೂ ತಿದ್ದಬೇಕು. ಇದು ಕೇತಕರರು ಬಾಳಿನುದ್ದಕ್ಕೂ ನಡೆಯಿಸಿದ ವ್ರತ. ಗ್ರಹಲಾಘವಕ್ಕೆ ಅವರು ಹಚ್ಚಿದ ಒರೆಗಲ್ಲನ್ನೇ ಅವರ ಬ್ರಹ್ಮವಿಷ್ಣುಗಳಿಗೂ ನಾವು ಹಚ್ಚಿದರೆ ಅದು ಅವರಿಗೆ ಮಾಡಿದ ಅವಮಾನವಲ್ಲ, ನಿಜವಾದ ಶ್ರಾದ್ಧ. ಸ್ವದೇಶಾಭಿಮಾನವು ಸತ್ಯದ ನೆಲವನ್ನು ಬಿಟ್ಟು ನಿಂತರೆ, ಪರರು ಒಂದು ಅಂಕಿಯನ್ನು ತಿದ್ದಿದ ದಿನವೇ ಅದು ಕುಸಿದು ಬೀಳುವದು.

ಕೇತಕರರಿಗಿಲ್ಲದ ಸೌಕರ್ಯವು ಇಂದಿನ ಹವ್ಯಾಸಿಗಳಿಗುಂಟು. ನ್ಯೂ ಹೊರೈಜನ್ಸ್ ಕಳಿಸಿದ ಚಿತ್ರಗಳೂ, ಬೆಂಗಳೂರ ಬಳಿಯ ಬ್ಯಾಲಾಳುವಿನ ದತ್ತಾಂಶ ಕೇಂದ್ರದಲ್ಲಿರುವ ಚಂದ್ರಯಾನದ ಮಾಹಿತಿಯೂ ಸಾರ್ವಜನಿಕರಿಗೆ ತೆರೆದಿವೆ. ರಾಣೇಬೆನ್ನೂರಿನ ವಿದ್ಯಾರ್ಥಿಯೊಬ್ಬನು ಮನೆಯಲ್ಲಿ ಕುಳಿತೇ ಅವುಗಳನ್ನು ಅಭ್ಯಸಿಸಬಹುದು. ನಮ್ಮ ಶಿಕ್ಷಕರೂ ಅಧಿಕಾರಿಗಳೂ ಅಂಥವರಿಗೆ ಒಂದು ಸಣ್ಣ ದೂರದರ್ಶಕವನ್ನೂ ಕೆಲವು ಕನ್ನಡ ಪುಸ್ತಕಗಳನ್ನೂ ಒದಗಿಸಿಕೊಟ್ಟು, ಪಂಚಾಂಗದಲ್ಲಿ ಬರೆದ ಗ್ರಹಣವು ಹೇಳಿದ ಗಳಿಗೆಗೆ ಹಿಡಿಯುವದೋ ಇಲ್ಲವೋ ಎಂದು ತಾವೇ ನೋಡಿ ಬರೆದಿಡಲು ಕಲಿಸಲಿ. ಹಾಗೆ ನೋಡಿ ಬರೆದಿಡುವವರು ಊರಿಗೆ ನಾಲ್ವರಾದರೂ ಹುಟ್ಟಿದರೆ, ಬಾಗಲಕೋಟೆಯ ಆ ಶಿಕ್ಷಕರ ಪರಂಪರೆಯು ನಮ್ಮ ನಾಡಿನಲ್ಲಿ ಉಳಿಯುವದು.