ಮೂರೆಳೆಯ ಹುರಿ

ತುಂಗಭದ್ರೆಯ ಕಾಲುವೆಯ ನೀರು ಹರಿದ ಮೇಲೆ ಸಿರುಗುಪ್ಪದ ಎರೆಭೂಮಿ ಬತ್ತದ ಕಣಜವಾಯಿತು. ಬತ್ತದ ಗದ್ದೆಯಿರುವಲ್ಲಿ ಇಲಿಯುಂಟು, ಇಲಿಯಿರುವಲ್ಲಿ ಹಾವುಂಟು. ನಮ್ಮ ನಾಡಿನ ಗದ್ದೆಗಳಲ್ಲಿ ದುಡಿಯುವವರಿಗೆ ಕೊಳಕುಮಂಡಲದಷ್ಟು ಭಯಂಕರವಾದ ಶತ್ರು ಬೇರೊಂದಿಲ್ಲ. ಅದು ಕಚ್ಚಿದಾಗ ಕಾಲಿನ ಮೇಲಣ ಗಾಯ ಎಲ್ಲರಿಗೂ ಕಾಣುತ್ತದೆ. ಕಾಣದ ಗಾಯವೊಂದು ಒಡಲೊಳಗೆ, ಮೂತ್ರಪಿಂಡಗಳಲ್ಲಿ ಆಗಿರುತ್ತದೆ. ಒಂದೊಂದು ಮೂತ್ರಪಿಂಡದಲ್ಲಿಯೂ ರಕ್ತವನ್ನು ಸೋಸುವ ಸುಮಾರು 10 ಲಕ್ಷ ಘಟಕಗಳಿವೆ. ವಿಷವು ರಕ್ತದ ಹೆಪ್ಪುಗಟ್ಟುವಿಕೆಯನ್ನು ಕೆಡಿಸಿ, ಆ ಘಟಕಗಳ ಸೂಕ್ಷ್ಮನಳಿಕೆಗಳ ಒಳಗೋಡೆಯ ಜೀವಕೋಶಗಳನ್ನು ಕೊಲ್ಲುತ್ತದೆ. ಮೂತ್ರ ಕಟ್ಟಿಹೋಗುತ್ತದೆ. ವಿಷಹರ ಮದ್ದು ಬೇಗನೆ ದೊರೆತರೆ, ಕೆಲವು ವಾರಗಳ ಚಿಕಿತ್ಸೆಯಿಂದ ಹಲವರು ಚೇತರಿಸಿಕೊಳ್ಳುತ್ತಾರೆ. ಮತ್ತೆ ಕೆಲವರ ಮೂತ್ರಪಿಂಡಗಳು ನಾರುಗಟ್ಟಿ, ಗಡುಸಾಗಿ, ಕುಗ್ಗಿಹೋಗುತ್ತವೆ. ಗಾಯ ಮಾಯುವುದು ಬೇರೆ, ಕಲೆಗಟ್ಟುವುದು ಬೇರೆ. ಆ ಕಲೆಯ ನಾರು ಯಾವುದರಿಂದ ಆದುದು, ಅದರ ಎಳೆಗಳು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಜಗತ್ತಿಗೆ ಬಿಡಿಸಿ ತೋರಿದವರು ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್.

ರಾಮಚಂದ್ರನ್ನರು 1922ನೆಯ ಅಕ್ಟೋಬರ್ 8ರಂದು ಕೊಚ್ಚಿ ಸಂಸ್ಥಾನದ ಎರ್ನಾಕುಲಂನಲ್ಲಿ ಜನಿಸಿದರು. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ತಾಯಿ ಲಕ್ಷ್ಮಿ ಅಮ್ಮಾಳ್. ಲೆಕ್ಕ ಬಿಡಿಸುವ ಆನಂದ ಬಾಲಕನಿಗೆ ಮನೆಯಲ್ಲಿಯೇ ದೊರೆಯಿತು. ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದಿ, 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಸೇರಿದುದು ವಿದ್ಯುತ್ ಎಂಜಿನಿಯರಿಂಗಿಗೆ; ಮನಸ್ಸು ನೆಟ್ಟುದು ಭೌತಶಾಸ್ತ್ರದಲ್ಲಿ. ಸರ್ ಸಿ. ವಿ. ರಾಮನ್ನರು ಈ ತರುಣನ ಪ್ರತಿಭೆಯನ್ನು ಗುರುತಿಸಿ ತಮ್ಮ ವಿಭಾಗಕ್ಕೆ ಸೇರಿಸಿಕೊಂಡರು. ಹರಳುಗಳ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿ, ಅವು ಚದರಿ ಮೂಡಿಸುವ ಚುಕ್ಕೆಗಳಿಂದ ಪರಮಾಣುಗಳ ಜೋಡಣೆಯನ್ನು ಊಹಿಸುವ ವಿದ್ಯೆಯನ್ನು ಅವರು ಅಲ್ಲಿ ಕಲಿತರು. 1947ರಿಂದ ಎರಡು ವರ್ಷ ಕೇಂಬ್ರಿಜ್ಜಿನಲ್ಲಿದ್ದು, ಡಾಕ್ಟರೇಟ್ ಪಡೆದು, ಬೆಂಗಳೂರಿಗೆ ಮರಳಿದರು.

1952ರಲ್ಲಿ ರಾಮನ್ನರ ಶಿಫಾರಸಿನ ಮೇರೆಗೆ ಮದರಾಸು ವಿಶ್ವವಿದ್ಯಾನಿಲಯವು ಅವರನ್ನು ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರನ್ನಾಗಿ ನೇಮಿಸಿತು. ಆಗ ಅವರಿಗೆ ಮೂವತ್ತರ ಹರೆಯ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳೂ ಆಗ ಮದರಾಸು ರಾಜ್ಯಕ್ಕೇ ಸೇರಿದ್ದವು. ಅವು ಮೈಸೂರು ರಾಜ್ಯವನ್ನು ಸೇರಿದುದು 1953ರ ಅಕ್ಟೋಬರ್ 1ರಂದು. ಹೊಸ ಹುದ್ದೆಯೇನೋ ದೊರೆಯಿತು. ಯಾವ ಸಮಸ್ಯೆಯನ್ನು ಹಿಡಿಯಬೇಕು? ಆ ವರ್ಷ ಮದರಾಸಿಗೆ ಭೇಟಿಯಿತ್ತ ವಿಜ್ಞಾನಿ ಬರ್ನಾಲರು, ಕೊಲ್ಯಾಜೆನ್ ಎಂಬ ಪ್ರೋಟೀನಿನ ರಚನೆ ಇನ್ನೂ ಯಾರಿಗೂ ಬಗೆಹರಿದಿಲ್ಲವೆಂದು ಮಾತಿನ ನಡುವೆ ತಿಳಿಸಿದರು. ರಾಮಚಂದ್ರನ್ನರು ಅದನ್ನೇ ಹಿಡಿದರು.

ಕೊಲ್ಯಾಜೆನ್ ನಮ್ಮ ದೇಹದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಪ್ರೋಟೀನು. ಚರ್ಮ, ಎಲುಬು, ಸ್ನಾಯುರಜ್ಜುಗಳಿಗೆ ಬಿಗಿಯನ್ನು ಕೊಡುವುದು ಅದೇ. ಗಾಯದ ಕಲೆಯಲ್ಲಿ ತುಂಬಿಕೊಳ್ಳುವುದೂ ಅದೇ. ಮದರಾಸಿನಲ್ಲಿಯೇ ಇದ್ದ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯು ಪ್ರಯೋಗಕ್ಕೆ ನೆರವಾಯಿತು. ಒಳ್ಳೆಯ ಚಿತ್ರಗಳನ್ನು ಕೊಟ್ಟುದು ಮಾತ್ರ ಆಸ್ಟ್ರೇಲಿಯದಿಂದ ತರಿಸಿದ ಕಾಂಗರೂ ಬಾಲದ ರಜ್ಜು! ಆ ಚಿತ್ರಗಳನ್ನೂ ರಸಾಯನ ವಿಶ್ಲೇಷಣೆಯ ಅಂಕಿಗಳನ್ನೂ ಮುಂದಿಟ್ಟುಕೊಂಡು ರಾಮಚಂದ್ರನ್ನರೂ ಅವರ ಸಹೋದ್ಯೋಗಿ ಗೋಪಿನಾಥ ಕರ್ತಾರೂ ಲೆಕ್ಕ ಹಾಕಿದರು. 1954ರಲ್ಲಿ ಅವರ ಉತ್ತರ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷ ಅದನ್ನು ಇನ್ನಷ್ಟು ತಿದ್ದಿದರು. ಪುಂಡಿಯ ನಾರಿನಿಂದ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಆ ಉತ್ತರ ಸುಲಭವಾಗಿ ತಿಳಿದೀತು. ಒಂದೊಂದು ಎಳೆಯೂ ತಾನೇ ಸುರುಳಿ. ಅಂತಹ ಮೂರೆಳೆಗಳು ಒಂದನ್ನೊಂದು ಸುತ್ತಿ ಒಂದು ಹುರಿಯಾಗಿವೆ. ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲವೇ ಇರಬೇಕು. ಹುರಿಯ ನಡುವಿನ ಇಕ್ಕಟ್ಟಿನಲ್ಲಿ ಬೇರೆ ಯಾವುದಕ್ಕೂ ಜಾಗವಿಲ್ಲ.

ಆದರೆ ಈ ಮಾದರಿಗೆ ಪ್ರಬಲ ಆಕ್ಷೇಪವೂ ಬಂದಿತು. ಇಂಗ್ಲೆಂಡಿನಲ್ಲಿ ಕ್ರಿಕ್ ಮತ್ತು ರಿಚ್ ಎಂಬ ವಿಜ್ಞಾನಿಗಳು, ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಸಮೀಪದಲ್ಲಿವೆ ಎಂದು ವಾದಿಸಿ, ಎಳೆಗಳ ನಡುವಣ ಬಂಧಗಳ ಸಂಖ್ಯೆಯನ್ನು ಕಡಿಮೆ ಮಾಡಿ ತಮ್ಮ ಮಾದರಿಯನ್ನು ಮುಂದಿಟ್ಟರು. ಬಂಧಗಳ ವಿಷಯದಲ್ಲಿ ಕಾಲವು ಅವರ ಪಕ್ಷವನ್ನೇ ಎತ್ತಿಹಿಡಿಯಿತೆನ್ನಬೇಕು. ಮೂರೆಳೆಯ ಹುರಿಯೆಂಬ ಮೂಲಸತ್ಯ ಮಾತ್ರ ಅಲುಗಲಿಲ್ಲ. ಬೇರೊಬ್ಬರಾಗಿದ್ದರೆ ಕಹಿಯಾಗಿ ಸುಮ್ಮನಾಗುತ್ತಿದ್ದರೇನೋ. ರಾಮಚಂದ್ರನ್ನರು ಆಕ್ಷೇಪವನ್ನೇ ಪ್ರಶ್ನೆಯನ್ನಾಗಿ ಮಾಡಿಕೊಂಡರು. ಪರಮಾಣುಗಳು ಎಷ್ಟು ಸಮೀಪ ಬರಬಲ್ಲವು? ತಿಳಿದಿದ್ದ ಹರಳುಗಳ ಅಳತೆಗಳನ್ನೆಲ್ಲ ಜಾಲಾಡಿ, ಶಿಷ್ಯರಾದ ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡನೆ 1963ರಲ್ಲಿ ಒಂದು ನಕ್ಷೆಯನ್ನು ಪ್ರಕಟಿಸಿದರು. ಪ್ರೋಟೀನಿನ ಎಳೆ ಯಾವ ಕೋನಗಳಲ್ಲಿ ತಿರುಗಬಲ್ಲುದು, ಯಾವುದರಲ್ಲಿ ತಿರುಗಲಾರದು ಎಂಬುದನ್ನು ಅದು ತೋರಿಸುತ್ತದೆ. ರಾಮಚಂದ್ರನ್ ನಕ್ಷೆಯೆಂದೇ ಅದು ಪ್ರಸಿದ್ಧವಾಗಿದೆ.

1971ರಲ್ಲಿ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತಶಾಸ್ತ್ರದ ವಿಭಾಗವನ್ನು ಕಟ್ಟಿದರು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ಅವರಿಗೆ ದೊರೆಯಿತು.

ಹುರಿಯ ರಚನೆ ತಿಳಿಯಿತು. ಅದನ್ನು ಹೊಸೆಯಿರೆಂದು ಆಜ್ಞೆ ಮಾಡುವವರಾರು? ಆ ಉತ್ತರ ಇತರರ ದುಡಿಮೆಯಿಂದ ಬಂದಿತು. ಜೀವಕೋಶಗಳು ಮೂಕವಲ್ಲ, ರಾಸಾಯನಿಕ ಸಂಕೇತಗಳ ಮೂಲಕ ಅವು ಪರಸ್ಪರ ಸುದ್ದಿ ಕಳುಹಿಸುತ್ತವೆ. ಮೂತ್ರಪಿಂಡದ ನಳಿಕೆಗೆ ಪೆಟ್ಟು ಬಿದ್ದಾಗ ಉಳಿದುಕೊಂಡ ಕೋಶಗಳು ಚಪ್ಪಟೆಯಾಗಿ ಹರಡಿ, ವಿಭಜನೆ ಹೊಂದಿ, ಬರಿದಾದ ಗೋಡೆಯನ್ನು ಮುಚ್ಚುತ್ತವೆ. ಕೆಲಸ ಮುಗಿದೊಡನೆ ಸಂಕೇತಗಳು ಅಡಗಬೇಕು. ಪೆಟ್ಟು ಆಳವಾದರೆ ಅಥವಾ ಮತ್ತೆ ಮತ್ತೆ ಬಿದ್ದರೆ ಕೆಲವು ಕೋಶಗಳು ವಿಭಜನೆಯ ನಡುವೆಯೇ ನಿಂತುಬಿಟ್ಟು ಸಂಕೇತಗಳನ್ನು ಹೊರಡಿಸುತ್ತಲೇ ಇರುತ್ತವೆ. ಅವುಗಳಲ್ಲಿ ಪ್ರಧಾನವಾದುದು ಟಿ.ಜಿ.ಎಫ್.-ಬೀಟಾ ಎಂಬ ಪ್ರೋಟೀನು. ಅದರ ಆಜ್ಞೆಗೆ ಒಳಪಟ್ಟು ನೆರೆಯ ಕೋಶಗಳು ನಾರುಕೋಶಗಳಾಗಿ ಮಾರ್ಪಟ್ಟು ಕೊಲ್ಯಾಜೆನ್ನಿನ ಹುರಿಗಳನ್ನು ರಾಶಿ ಹಾಕುತ್ತವೆ. ಹುರಿಗಳ ನಡುವೆ ಸಿಲುಕಿದ ಘಟಕಗಳು ಸಾಯುತ್ತವೆ. ಸತ್ತವುಗಳ ಬದಲಿಗೆ ಹೊಸ ಘಟಕಗಳು ಮನುಷ್ಯನಲ್ಲಿ ಜನಿಸಿದ ಮೇಲೆ ಹುಟ್ಟುವುದಿಲ್ಲ. 1990ರಲ್ಲಿ ಇಲಿಗಳಲ್ಲಿ ಈ ಸಂಕೇತವನ್ನು ತಡೆದಾಗ ಕಲೆಗಟ್ಟುವಿಕೆ ಕಡಿಮೆಯಾಯಿತು. ಮನುಷ್ಯರಲ್ಲಿ ಅಂತಹ ಫಲ ಸುಲಭವಾಗಿ ದೊರೆತಿಲ್ಲ. ಉರಿಯೂತವನ್ನು ಹತೋಟಿಯಲ್ಲಿಡುವುದೂ ಅದೇ ಸಂಕೇತವಾದುದರಿಂದ ಅದನ್ನು ಪೂರ್ಣವಾಗಿ ಅಡಗಿಸುವಂತಿಲ್ಲ. ಆ ಸಂಕೇತದ ಪ್ರೋಟೀನೇ ಆಗಲಿ, ಅದನ್ನು ತಡೆಯಬಲ್ಲ ಹೊಸ ಪ್ರೋಟೀನೇ ಆಗಲಿ, ಅದರ ರೂಪವನ್ನು ನಿರ್ಧರಿಸಿದ ವಿಜ್ಞಾನಿ ಅದು ಸರಿಯೇ ಎಂದು ಒರೆಗೆ ಹಚ್ಚುವುದು 1963ರ ಆ ನಕ್ಷೆಯ ಮೇಲೆಯೇ.

ರಾಮಚಂದ್ರನ್ನರ ಕೊನೆಯ ವರ್ಷಗಳು ಕಷ್ಟದವು. ಪಾರ್ಕಿನ್ಸನ್ ರೋಗ ಅವರ ದೇಹವನ್ನು ಕುಗ್ಗಿಸಿತು. ಐದು ದಶಕಗಳಿಗೂ ಹೆಚ್ಚು ಕಾಲ ಜೊತೆಯಾಗಿದ್ದ ಪತ್ನಿ ರಾಜಲಕ್ಷ್ಮಿಯವರು 1998ರಲ್ಲಿ ತೀರಿಕೊಂಡರು. ಮರುವರ್ಷ ಹರಳುಶಾಸ್ತ್ರದ ಅಂತಾರಾಷ್ಟ್ರೀಯ ಒಕ್ಕೂಟವು ಅವರಿಗೆ ಎವಾಲ್ಡ್ ಪ್ರಶಸ್ತಿಯನ್ನು ನೀಡಿತು. ನೊಬೆಲ್ ಪಾರಿತೋಷಕ ಅವರಿಗೆ ಬರಲಿಲ್ಲ. 2001ನೆಯ ಏಪ್ರಿಲ್ 7ರಂದು ಅವರು ಚೆನ್ನೈಯಲ್ಲಿ ನಿಧನರಾದರು.