ಕೂಡಿ ಕಲಿತವರ ಜೇನು



ಹೊರದೇಶಗಳಲ್ಲಿ ಬೆಳೆಯುತ್ತಿರುವ ಮಕ್ಕಳೇ, ರಜೆಗೆ ಬೆಂಗಳೂರಿಗೆ ಹೋದಾಗ ನಿಮ್ಮಲ್ಲಿ ಹಲವರು ಇಳಿದುಕೊಳ್ಳುವುದು ಕುಂದಲಹಳ್ಳಿ, ಬ್ರೂಕ್‌ಫೀಲ್ಡ್, ವೈಟ್‌ಫೀಲ್ಡ್ ಕಡೆಯ ಅಜ್ಜಿ-ತಾತನ ಮನೆಯಲ್ಲಿ. ಅಲ್ಲಿನ ಎತ್ತರದ ಅಪಾರ್ಟ್‌ಮೆಂಟಿನ ಬಾಲ್ಕನಿಯ ಅಡಿಯಲ್ಲೋ, ಗಾಜಿನ ಕಚೇರಿ ಕಟ್ಟಡದ ಸೂರಿನಲ್ಲೋ, ನೀರಿನ ಟ್ಯಾಂಕಿನ ಬುಡದಲ್ಲೋ ಅರ್ಧಚಂದ್ರದ ಆಕಾರದ ಕಪ್ಪು ಎರಿ ತೂಗುತ್ತಿರುವುದನ್ನು ನೀವು ನೋಡಿರಬಹುದು. ಅದು ಹೆಜ್ಜೇನಿನ ಗೂಡು. ಐಟಿ ಕಂಪನಿಗಳು ಬರುವುದಕ್ಕೆ ಎಷ್ಟೋ ಮೊದಲು ಈ ಬಯಲು ಹೊಲ, ಕೆರೆ, ತೋಪುಗಳ ಸೀಮೆಯಾಗಿತ್ತು. ಆಗ ಹೆಜ್ಜೇನು ಆಲ, ಅರಳಿ, ಬೂರುಗದ ಎತ್ತರದ ಕೊಂಬೆಗಳಿಗೆ ಕಟ್ಟುತ್ತಿತ್ತು. ಮರಗಳು ಕಡಿಮೆಯಾಗಿ ಕಟ್ಟಡಗಳು ಮೇಲೆದ್ದ ಮೇಲೆ ಅದು ಕಟ್ಟಡಗಳನ್ನೇ ಆರಿಸಿಕೊಂಡಿದೆ. ಅಲ್ಲಿಂದ ಬಹಳ ದೂರವಲ್ಲದ ಹೊಸಕೋಟೆ ತಾಲ್ಲೂಕಿನ ರಾಮಗೋವಿಂದಪುರದಲ್ಲಿ ಒಂದೇ ಆಲದ ಮರದಲ್ಲಿ ನೂರಾರು ಹೆಜ್ಜೇನು ಗೂಡುಗಳು ಕಟ್ಟುತ್ತಿದ್ದುದು ವಿಜ್ಞಾನಿಗಳ ಗಮನ ಸೆಳೆದಿತ್ತು.

ಈ ಸಂಚಿಕೆಯಲ್ಲಿ ನಿಮಗೆ ಕನ್ನಡ ನಾಡಿನ ಜೇನು ಸಾಕುವವರನ್ನೂ ಅವರು ಕಟ್ಟಿಕೊಂಡ ಸಂಘಗಳನ್ನೂ ಪರಿಚಯಿಸಬೇಕೆಂದಿದ್ದೇನೆ. ಜೇನು ಸಾಕಣೆ ಒಬ್ಬರೇ ಕೂತು ಪುಸ್ತಕ ಓದಿ ಕಲಿಯುವ ವಿದ್ಯೆಯಲ್ಲ. ನಮ್ಮಲ್ಲಿ ಅದು ಬೆಳೆದದ್ದೂ ಉಳಿದದ್ದೂ ಜನ ಒಟ್ಟಿಗೆ ಸೇರಿ ಕಲಿತದ್ದರಿಂದ, ಕಲಿತದ್ದನ್ನು ಮುಚ್ಚಿಡದೆ ಹಂಚಿಕೊಂಡದ್ದರಿಂದ.

ನಮ್ಮ ನಾಡಿನ ನಾಲ್ಕು ಜೇನುಗಳು

ಮೊದಲು ಜೇನುಗಳನ್ನು ಗುರುತಿಸಲು ಕಲಿಯೋಣ. ಹೆಜ್ಜೇನು ಎಲ್ಲಕ್ಕಿಂತ ದೊಡ್ಡದು. ಅದರದು ಒಂದೇ ಎರಿ, ಬಯಲಿಗೆ ತೆರೆದುಕೊಂಡದ್ದು. ಅದನ್ನು ಪೆಟ್ಟಿಗೆಯಲ್ಲಿಟ್ಟು ಸಾಕಲು ಬರುವುದಿಲ್ಲ. ಹೂವಿನ ಕಾಲ ಮುಗಿದರೆ ಇಡೀ ಕುಟುಂಬ ಎದ್ದು ದೂರದ ಸೀಮೆಗೆ ಹೊರಟುಬಿಡುತ್ತದೆ, ಮುಂದಿನ ವರ್ಷ ಎಷ್ಟೋ ಸಲ ಅದೇ ಜಾಗಕ್ಕೆ ಮರಳುತ್ತದೆ. ಶತ್ರು ಹತ್ತಿರ ಬಂದರೆ ಎರಿಯ ಮೇಲಿನ ಸಾವಿರಾರು ನೊಣಗಳು ಒಂದರ ಹಿಂದೊಂದು ಹಿಂಬದಿ ಎತ್ತುತ್ತವೆ. ಎರಿಯ ಮೈಮೇಲೆ ಹೊಳೆಯುವ ಅಲೆ ಹಾದುಹೋದಂತೆ ಕಾಣುತ್ತದೆ.

ಕೋಲು ಜೇನು ಪುಟ್ಟದು. ಪೊದೆಯ ಕಡ್ಡಿಯ ಸುತ್ತ ಅಂಗೈಯಗಲದ ಒಂದೇ ಎರಿ ಕಟ್ಟುತ್ತದೆ. ಇದನ್ನು ಕಡ್ಡಿ ಜೇನು ಎಂದೂ ಕರೆಯುತ್ತಾರೆ. ಮುಜಂಟಿ ಜೇನು ಇನ್ನೂ ಚಿಕ್ಕದು, ಚುಚ್ಚುವ ಮುಳ್ಳು ಅದಕ್ಕಿಲ್ಲ. ಹಳೆಯ ಗೋಡೆಯ ಬಿರುಕಿನಲ್ಲಿ ಅಂಟಿನ ಪುಟ್ಟ ಕೊಳವೆಯಂಥ ಬಾಗಿಲು ಮಾಡಿಕೊಂಡು ಬದುಕುತ್ತದೆ. ಅದರ ಜೇನುತುಪ್ಪ ಸಿಗುವುದು ಬಹಳ ಕಡಿಮೆ, ರುಚಿ ಹುಳಿ ಬೆರೆತ ಸಿಹಿ. ಹಳ್ಳಿಗಳಲ್ಲಿ ಅದನ್ನು ಔಷಧಿಯೆಂದೇ ಇಟ್ಟುಕೊಳ್ಳುತ್ತಾರೆ.

ನಾಲ್ಕನೆಯದು ತುಡುವೆ. ಮರದ ಪೊಟರೆ, ಹುತ್ತ, ಗೋಡೆಯ ಪೊಳ್ಳು, ಹೀಗೆ ಕತ್ತಲಿರುವ ಜಾಗದಲ್ಲಿ ಒಂದರ ಪಕ್ಕ ಒಂದರಂತೆ ಹಲವು ಎರಿಗಳನ್ನು ಕಟ್ಟುತ್ತದೆ. ಕತ್ತಲೆಗೆ ಒಗ್ಗಿದ ಜೇನು ಪೆಟ್ಟಿಗೆಗೂ ಒಗ್ಗುತ್ತದೆ. ಮಲೆನಾಡು, ಕೊಡಗು, ಕರಾವಳಿಯ ಜೇನು ಸಾಕಣೆಯೆಲ್ಲ ಮುಖ್ಯವಾಗಿ ಈ ತುಡುವೆಯ ಮೇಲೆಯೇ ನಿಂತಿದೆ. ನೀವಿರುವ ದೇಶಗಳಲ್ಲಿ ಸಾಕುವ ಜೇನು ಸಾಮಾನ್ಯವಾಗಿ ಯುರೋಪಿನ ಮೆಲ್ಲಿಫೆರಾ. ತುಡುವೆ ಅದಕ್ಕಿಂತ ಚಿಕ್ಕದು, ತುಪ್ಪವೂ ಕಡಿಮೆ. ಆದರೆ ನಮ್ಮ ಮಳೆ, ನಮ್ಮ ಕಾಡು, ನಮ್ಮ ಹೂಗಳಿಗೆ ಹೊಂದಿಕೊಂಡು ಬಂದದ್ದು ತುಡುವೆಯೇ.

ಪೆಟ್ಟಿಗೆ ಬಂದ ಕತೆ

ಜೇನಿನ ಬಗ್ಗೆ ನಮ್ಮ ನಾಡಿನ ಮೊದಲ ಗುರುಗಳು ಕಾಡಿನ ಜನ. ನಾಗರಹೊಳೆ, ಹೆಗ್ಗಡದೇವನಕೋಟೆ, ಕೊಡಗಿನ ಕಾಡುಗಳ ಜೇನುಕುರುಬರಿಗೆ ಯಾವ ಮರ ಯಾವ ತಿಂಗಳು ಹೂ ಬಿಡುತ್ತದೆ, ಯಾವ ಜೇನು ಎಲ್ಲಿ ಕಟ್ಟುತ್ತದೆ ಎಂಬುದು ತಲೆಮಾರುಗಳಿಂದ ಗೊತ್ತು. ಸಮುದಾಯದ ಹೆಸರಿನಲ್ಲೇ ಜೇನು ಇದೆ. ಹಳ್ಳಿಗಳಲ್ಲಿಯೂ ಮಡಕೆಯಲ್ಲಿ, ಪೊಳ್ಳು ಮರದ ದಿಮ್ಮಿಯಲ್ಲಿ ತುಡುವೆಯನ್ನು ಕೂರಿಸುತ್ತಿದ್ದರು. ಆದರೆ ತುಪ್ಪ ಬೇಕೆಂದರೆ ಎರಿಯನ್ನೇ ಕಿತ್ತು ಹಿಂಡಬೇಕಿತ್ತು. ಮರಿಗಳು ಸಾಯುತ್ತಿದ್ದವು, ಕುಟುಂಬ ಗೂಡು ಬಿಟ್ಟು ಹೋಗುತ್ತಿತ್ತು.

ಇದನ್ನು ಬದಲಿಸಿದ್ದು ಚೌಕಟ್ಟಿನ ಪೆಟ್ಟಿಗೆ. 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ ಒಂದು ಸಂಗತಿಯನ್ನು ಗಮನಿಸಿದರು. ಎರಡು ಎರಿಗಳ ನಡುವೆ ನೊಣ ಓಡಾಡುವಷ್ಟೇ ಸಂದು, ಅಂದರೆ ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆ ಜಾಗ ಬಿಟ್ಟರೆ ಜೇನು ಅದನ್ನು ಮೇಣದಿಂದ ಮುಚ್ಚುವುದಿಲ್ಲ. ಆ ಅಳತೆಗೆ ಚೌಕಟ್ಟುಗಳನ್ನು ಜೋಡಿಸಿದರೆ ಒಂದೊಂದನ್ನೇ ಎತ್ತಿ ನೋಡಿ ಮತ್ತೆ ಇಡಬಹುದು. ತುಪ್ಪ ತೆಗೆದ ಎರಿಯನ್ನು ಹಾಳುಮಾಡದೆ ಜೇನಿಗೇ ಹಿಂದಿರುಗಿಸಬಹುದು.

ದಕ್ಷಿಣ ಭಾರತದಲ್ಲಿ ಈ ಉಪಾಯವನ್ನು ನಮ್ಮ ಚಿಕ್ಕ ತುಡುವೆಗೆ ಹೊಂದಿಸಿದವರು ತಿರುಚಿನಾಪಳ್ಳಿಯ ಫಾದರ್ ನ್ಯೂಟನ್. 1911ರಿಂದ 1917ರವರೆಗೆ ಅವರು ಹಳ್ಳಿಯ ಜನರಿಗೆ ಜೇನು ಸಾಕಣೆ ಕಲಿಸಿದರು. ಅವರು ರೂಪಿಸಿದ ಚಿಕ್ಕ ಪೆಟ್ಟಿಗೆಗೆ ಇವತ್ತಿಗೂ ನ್ಯೂಟನ್ ಪೆಟ್ಟಿಗೆ ಎಂದೇ ಹೆಸರು. ಮೈಸೂರು ಸಂಸ್ಥಾನದಲ್ಲಿ 1925ರಲ್ಲಿ, ಕೊಡಗಿನಲ್ಲಿ 1934ರಲ್ಲಿ ಹೊಸ ಬಗೆಯ ಜೇನು ಸಾಕಣೆ ಶುರುವಾಯಿತು.

ಜೇನು ಸೊಸೈಟಿ

ಕೊಡಗಿನವರು ಪೆಟ್ಟಿಗೆ ಇಟ್ಟುಕೊಂಡು ಸುಮ್ಮನಾಗಲಿಲ್ಲ. 1936ರಲ್ಲಿ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಹುಟ್ಟಿತು. ಆಮೇಲೆ ಭಾಗಮಂಡಲ, ದಕ್ಷಿಣ ಕನ್ನಡದ ಪುತ್ತೂರು, ಹೀಗೆ ಮಲೆನಾಡು ಕರಾವಳಿಗಳಲ್ಲೆಲ್ಲ ಜೇನು ಸಾಕುವವರ ಸಹಕಾರ ಸಂಘಗಳು ಬೆಳೆದವು. ಜನರ ಬಾಯಲ್ಲಿ ಅವು 'ಜೇನು ಸೊಸೈಟಿ'. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿ 1980ರಲ್ಲಿ ಬಂತು. ಅದರ ಆರಂಭದಲ್ಲೇ ಇಂಥ ಒಂದು ಜೇನು ಸೊಸೈಟಿ ಬರುತ್ತದೆ. ಜೇನು ಹಿಡಿಯುವುದರಲ್ಲಿ ನಿಪುಣನಾದ ಮಂದಣ್ಣ ಅದರ ಮರೆಯಲಾಗದ ಪಾತ್ರ. ಕನ್ನಡ ಓದಲು ಬರುವ ದೊಡ್ಡ ಮಕ್ಕಳು ಅದನ್ನು ಓದಲೇಬೇಕು. ಚಿಕ್ಕವರಿಗೆ ಅಪ್ಪ ಅಮ್ಮ ಓದಿ ಹೇಳಲಿ.

ಸೊಸೈಟಿ ಏಕೆ ಬೇಕಾಯಿತು? ಹತ್ತು ಪೆಟ್ಟಿಗೆ ಇರುವ ಸಣ್ಣ ರೈತನಿಗೆ ತುಪ್ಪ ತೆಗೆಯುವ ಯಂತ್ರ ಕೊಳ್ಳುವುದು ದುಬಾರಿ. ಒಳ್ಳೆಯ ಬೆಲೆ ಕೊಡುವ ಪೇಟೆ ಅವನಿಗೆ ದೂರ. ಎಲ್ಲರೂ ಸೇರಿದಾಗ ಯಂತ್ರವೂ ಪೆಟ್ಟಿಗೆಗಳೂ ಕೈಗೆಟುಕಿದವು, ತುಪ್ಪಕ್ಕೆ ಒಂದು ಹೆಸರು ಬಂತು. ಇವೆಲ್ಲಕ್ಕಿಂತ ಮಿಗಿಲಾಗಿ, ಕಲಿಯಲು ಒಂದು ಜಾಗ ಸಿಕ್ಕಿತು.

ಪಾಠ ನಡೆಯುವ ಬಗೆ

ಜೇನು ಸಾಕಣೆಯ ತರಬೇತಿಯಲ್ಲಿ ಮುಖ್ಯವಾದ ಪಾಠವೆಲ್ಲ ಪೆಟ್ಟಿಗೆಯ ಮುಂದೆಯೇ. ಬಿಸಿಲು ಹದವಾಗಿರುವ ಹೊತ್ತು ನೋಡಿ ಪೆಟ್ಟಿಗೆ ತೆರೆಯುತ್ತಾರೆ. ಸೆಂಟು ಹಾಕಿಕೊಂಡು ಬರಬಾರದು, ತಿಳಿ ಬಣ್ಣದ ಬಟ್ಟೆ ಉಡಬೇಕು, ಕೈ ಬೀಸಬಾರದು. ಸ್ವಲ್ಪವೇ ಹೊಗೆ ಕೊಟ್ಟು, ಮುಚ್ಚಳ ಸರಿಸಿ, ಒಂದು ಚೌಕಟ್ಟನ್ನು ನಿಧಾನಕ್ಕೆ ಮೇಲೆತ್ತುತ್ತಾರೆ. ಪೆಟ್ಟಿಗೆಯಲ್ಲಿ ಎರಡು ಅಂತಸ್ತು. ಕೆಳಗಿನದು ಸಂಸಾರದ ಕೋಣೆ, ಮೊಟ್ಟೆ ಮರಿಗಳಿರುವುದು ಅಲ್ಲಿ. ಮೇಲಿನದು ಜೇನು ಕೋಣೆ. ಮರಿಗಳ ಕೋಣೆಯಿಂದ ತುಪ್ಪ ತೆಗೆಯಬಾರದು ಎಂಬುದು ಮೊದಲ ನಿಯಮ.

ಆಮೇಲೆ ಹುಡುಕಾಟ. ರಾಣಿ ನೊಣ ಎಲ್ಲಿ? ಉಳಿದವಕ್ಕಿಂತ ಉದ್ದ ಮೈಯ ಅವಳು ಸಿಕ್ಕದಿದ್ದರೂ ಚಿಂತೆಯಿಲ್ಲ, ಎರಿಯ ಪುಟ್ಟ ಗುಳಿಗಳಾದ ಕಣಗಳ ತಳದಲ್ಲಿ ಹೊಸ ಮೊಟ್ಟೆಗಳು ಕಂಡರೆ ಅವಳು ಇದ್ದಾಳೆಂದೇ ಅರ್ಥ. ಎರಿಯ ಅಂಚಿನಲ್ಲಿ ಕಡಲೆಕಾಯಿಯಂಥ ರಾಣಿ ಕಣ ಇಳಿಬಿದ್ದಿದ್ದರೆ ಕುಟುಂಬ ಪಾಲಾಗಲು ಸಿದ್ಧವಾಗುತ್ತಿದೆ. ಆಗ ಸಾಕುವವರೇ ಅದನ್ನು ಎರಡು ಪೆಟ್ಟಿಗೆ ಮಾಡಿಕೊಳ್ಳಬೇಕು. ತುಪ್ಪ ತುಂಬಿದ ಕಣಗಳಿಗೆ ನೊಣಗಳು ಮೇಣದ ಮುಚ್ಚಳ ಹಾಕಿದ್ದರೆ ಅದು ಪಕ್ವವಾಗಿದೆ. ಅದಕ್ಕೂ ಮೊದಲು ತೆಗೆದರೆ ನೀರಿನಂಶ ಹೆಚ್ಚಿ ತುಪ್ಪ ಹುಳಿತುಹೋಗುತ್ತದೆ. ಇರುವೆ ಹತ್ತದಂತೆ ಪೆಟ್ಟಿಗೆಯ ಕಾಲಿಗೆ ನೀರಿನ ಬಟ್ಟಲು ಇಡುವುದು, ಮೇಣದ ಹುಳ ಹೊಕ್ಕ ಎರಿಯನ್ನು ತೆಗೆದುಹಾಕುವುದು, ಮಳೆಗಾಲದಲ್ಲಿ ಹೂವಿಲ್ಲದಾಗ ಸಕ್ಕರೆ ಪಾಕ ಉಣಿಸುವುದು, ಇವೆಲ್ಲವೂ ಕೈಯಿಂದ ಕೈಗೆ ದಾಟುವ ಪಾಠಗಳು.

ಹೂವಿನ ಲೆಕ್ಕವೂ ಇದರಲ್ಲಿ ಸೇರುತ್ತದೆ. ಕೊಡಗಿನಲ್ಲಿ ಮಾರ್ಚಿನ ಹೊತ್ತಿಗೆ ಹೂಮಳೆ ಬಿದ್ದರೆ ಕಾಫಿ ತೋಟಗಳು ಬೆಳ್ಳಗೆ ಅರಳುತ್ತವೆ. ಏಲಕ್ಕಿಯ ಹೂ ಕಾಯಿ ಕಟ್ಟುವುದಕ್ಕೆ ಜೇನೇ ಬೇಕು. ರೋಬಸ್ಟಾ ಕಾಫಿಯ ಫಸಲೂ ಜೇನಿನಿಂದ ಹೆಚ್ಚುತ್ತದೆ. ತುಪ್ಪಕ್ಕಿಂತ ದೊಡ್ಡ ಲಾಭ ತೋಟದ ಫಸಲಿನಲ್ಲಿದೆ ಎಂದು ಸಾಕುವವರು ತಿಳಿದುಕೊಂಡದ್ದು ಹೀಗೆ ಒಬ್ಬರ ಅನುಭವವನ್ನು ಇನ್ನೊಬ್ಬರ ಅನುಭವದ ಪಕ್ಕ ಇಟ್ಟು ನೋಡಿ.

ಕಷ್ಟ ಬಂದ ಕಾಲ

1991-92ರ ಹೊತ್ತಿಗೆ ದಕ್ಷಿಣ ಭಾರತದ ತುಡುವೆಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಡಿಯಿತು. ನೊಣವಾಗಬೇಕಿದ್ದ ಮರಿಹುಳಗಳು ನೀರು ತುಂಬಿದ ಚೀಲದಂತಾಗಿ ಕಣದಲ್ಲೇ ಸತ್ತವು. ಅದಕ್ಕೆ ಮದ್ದಿರಲಿಲ್ಲ. ಶೇಕಡಾ 90ಕ್ಕಿಂತ ಹೆಚ್ಚು ಸಾಕಿದ ಕುಟುಂಬಗಳು ನಾಶವಾದವು. ಕೊಡಗು, ದಕ್ಷಿಣ ಕನ್ನಡದ ಮನೆಯಂಗಳಗಳಲ್ಲಿ ಪೆಟ್ಟಿಗೆಗಳು ಬರಿದಾಗಿ ಕುಳಿತವು. ಅನೇಕರು ಈ ಕೆಲಸವನ್ನೇ ಬಿಟ್ಟರು.

ಬಿಡದವರೂ ಇದ್ದರು. ರೋಗ ತಾಳಿಕೊಂಡು ಉಳಿದ ಕುಟುಂಬಗಳನ್ನು ಅವರು ಕಾಪಾಡಿದರು. ಕಾಡಿನಿಂದ ಹೊಸ ಕುಟುಂಬಗಳನ್ನು ತಂದು ಕೂರಿಸಿದರು. ಗಟ್ಟಿಯಾಗಿ ನಿಂತವನ್ನು ಪಾಲು ಮಾಡಿ ನೆರೆಯವರಿಗೆ ಕೊಟ್ಟರು. ವರ್ಷಗಳು ಕಳೆದಂತೆ ತುಡುವೆ ಚೇತರಿಸಿಕೊಂಡಿತು. ಈ ದಿನ ನಮಗೆ ಮಲೆನಾಡಿನ ತುಡುವೆ ತುಪ್ಪ ಸಿಗುತ್ತಿದ್ದರೆ ಅದು ಆ ಕೆಟ್ಟ ಕಾಲದಲ್ಲಿ ಕೈಬಿಡದೆ ಹಂಚಿಕೊಂಡವರ ಪುಣ್ಯ. ಸಂಘವೆಂದರೆ ಏನೆಂದು ನಿಮ್ಮನ್ನು ಯಾರಾದರೂ ಕೇಳಿದರೆ ಈ ಉದಾಹರಣೆ ಕೊಡಿ.

ಬೆಂಗಳೂರಿನಲ್ಲಿ

ಬೆಂಗಳೂರು ಕೂಡ ಜೇನಿನ ವಿದ್ಯೆಯ ಊರು. ಜಿಕೆವಿಕೆ ಎಂದು ಎಲ್ಲರೂ ಕರೆಯುವ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಜೇನಿನ ಸಂಶೋಧನೆ, ತರಬೇತಿ ಎರಡೂ ಬಹುಕಾಲದಿಂದ ನಡೆದಿವೆ. ಅದೇ ಆವರಣದಲ್ಲಿರುವ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಜೇನಿನ ನೃತ್ಯವನ್ನು ಅಭ್ಯಾಸ ಮಾಡಿದ್ದಾರೆ. ಹೂವು ಎಲ್ಲಿದೆ, ಎಷ್ಟು ದೂರ ಎಂದು ನೊಣ ಕುಣಿದು ತಿಳಿಸುತ್ತದೆ ಎಂಬುದನ್ನು ಬಿಡಿಸಿ ಹೇಳಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂತು. ನಮ್ಮ ತುಡುವೆ, ಕೋಲು ಜೇನು, ಹೆಜ್ಜೇನುಗಳ ಕುಣಿತದಲ್ಲಿ ದೂರ ಹೇಳುವ ರೀತಿ ಬೇರೆಬೇರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹತ್ತಿರದಲ್ಲೇ ಮೇಯುವ ತುಡುವೆಯದು ಒಂದು ಲೆಕ್ಕ, ಬಹುದೂರ ಹಾರುವ ಹೆಜ್ಜೇನಿನದು ಇನ್ನೊಂದು.

ಕುಂದಲಹಳ್ಳಿಯ ಮನೆಯಲ್ಲಿ ಹೆಜ್ಜೇನು ಕಟ್ಟಿದ್ದು ಕಂಡರೆ ಹೆದರಬೇಡಿ, ಹತ್ತಿರವೂ ಹೋಗಬೇಡಿ. ಕಲ್ಲೆಸೆಯಬಾರದು, ಹೊಗೆ ಹಾಕಬಾರದು. ರಾತ್ರಿ ಆ ಕಡೆಯ ದೀಪ ಆರಿಸಿ, ಬೆಳಕಿಗೆ ನೊಣಗಳು ಮನೆಯೊಳಗೆ ಬರುತ್ತವೆ. ಒಂದು ನೊಣ ಚುಚ್ಚಿದರೆ ಮುಳ್ಳಿನ ಜೊತೆ ಬಿಡುವ ವಾಸನೆ ಉಳಿದವನ್ನೂ ಕರೆಯುತ್ತದೆ. ಆಗ ಮುಖ ಮುಚ್ಚಿಕೊಂಡು ಓಡಿ ಬಾಗಿಲು ಹಾಕಿಕೊಳ್ಳಬೇಕು, ಮುಳ್ಳನ್ನು ಕೂಡಲೇ ತೆಗೆಯಬೇಕು. ಹೆಚ್ಚು ಕಡಿತವಾದರೆ, ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಹಳಷ್ಟು ಅಪಾರ್ಟ್‌ಮೆಂಟುಗಳಲ್ಲಿ ಗೂಡು ಕಂಡೊಡನೆ ವಿಷ ಹೊಡೆಸಿಬಿಡುತ್ತಾರೆ. ಸಾವಿರಾರು ನೊಣಗಳು ಒಂದೇ ರಾತ್ರಿ ಸಾಯುತ್ತವೆ. ಇದು ತಪ್ಪು. ಯಾರಿಗೂ ಅಡ್ಡಿಯಿಲ್ಲದ ಎತ್ತರದಲ್ಲಿ ಕಟ್ಟಿದ ಹೆಜ್ಜೇನು ಹೂವಿನ ಕಾಲ ಮುಗಿದ ಮೇಲೆ ತಾನೇ ಹೊರಡುತ್ತದೆ. ಅಡ್ಡಿಯಿದ್ದರೆ ಕೊಲ್ಲದೆ ಸ್ಥಳಾಂತರಿಸಲು ಬಲ್ಲವರನ್ನು ಕರೆಸಬೇಕು. ಅಜ್ಜಿ-ತಾತನಿಗೆ ಹೇಳಿ, ಅವರು ಅಪಾರ್ಟ್‌ಮೆಂಟಿನ ಸಂಘದ ಸಭೆಯಲ್ಲಿ ಈ ಮಾತು ಎತ್ತಲಿ.

ನೀವು ಮಾಡಬಹುದಾದದ್ದು

ಮೇ 20 ವಿಶ್ವ ಜೇನು ದಿನ. ಸ್ಲೊವೇನಿಯಾದಲ್ಲಿ 1734ರಲ್ಲಿ ಹುಟ್ಟಿದ ಆಂಟನ್ ಯಾನ್ಷಾ ಅವರ ನೆನಪಿಗೆ ವಿಶ್ವಸಂಸ್ಥೆ 2017ರಲ್ಲಿ ಇದನ್ನು ಗೊತ್ತುಮಾಡಿತು. ಜೇನು ಸಾಕಣೆ ಕಲಿಸಲೆಂದೇ ವಿಯೆನ್ನಾದಲ್ಲಿ ನೇಮಕಗೊಂಡ ಮೇಷ್ಟರು ಅವರು. ಜಗತ್ತು ಜೇನಿನ ದಿನಕ್ಕೆ ಆರಿಸಿಕೊಂಡದ್ದು ಒಬ್ಬ ಶಿಕ್ಷಕನ ಹುಟ್ಟುಹಬ್ಬವನ್ನು ಎಂಬುದು ನನಗೆ ಬಹಳ ಸರಿಯೆನಿಸುತ್ತದೆ.

ನೀವಿರುವ ಊರಿನ ಆಸುಪಾಸಿನಲ್ಲಿಯೂ ಜೇನು ಸಾಕುವವರ ಕ್ಲಬ್ ಇರಬಹುದು. ಅಪ್ಪ ಅಮ್ಮನ ಜೊತೆ ಅವರ ಒಂದು ಸಭೆಗೆ ಹೋಗಿ, ಪೆಟ್ಟಿಗೆ ತೆರೆಯುವುದನ್ನು ನೋಡಿ. ನಮ್ಮ ತುಡುವೆಯ ಬಗ್ಗೆ, ಕೊಡಗಿನ ಜೇನು ಸೊಸೈಟಿಯ ಬಗ್ಗೆ ಅವರಿಗೂ ಹೇಳಿ. ಬೆಂಗಳೂರಿಗೆ ಹೋದಾಗ ಕುಂದಲಹಳ್ಳಿಯಿಂದ ನೇರಳೆ ಮಾರ್ಗದ ಮೆಟ್ರೊ ಹಿಡಿದು, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಲಾಲ್‌ಬಾಗಿಗೆ ಹೋಗಿ, ಅಲ್ಲಿನ ಹೂಗಳ ಮೇಲೆ ಯಾವ ಯಾವ ಜೇನು ಕೂರುತ್ತದೆ ಎಂದು ಗುರುತು ಮಾಡಿಕೊಳ್ಳಿ. ನವೆಂಬರಿನಲ್ಲಿ ಅಲ್ಲಿದ್ದರೆ ಜಿಕೆವಿಕೆಯ ಕೃಷಿ ಮೇಳವನ್ನು ತಪ್ಪಿಸಬೇಡಿ. ನೀವು ಕಂಡ ಜೇನಿನ ಚಿತ್ರ ಬರೆದು, ಅದರ ಕನ್ನಡ ಹೆಸರು ಕೆಳಗೆ ಬರೆದು, ಅದು ಯಾವ ಹೂವಿನ ಮೇಲಿತ್ತೆಂದು ನಾಲ್ಕು ಸಾಲು ಸೇರಿಸಿ ಸಂಪಾದಕರಿಗೆ ಕಳಿಸಿ. ಬಂದ ಚಿತ್ರಗಳನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.